ಹೊಳೆದಂಡೆಯಲ್ಲಿ ಮನೆ ಕಟ್ಟುವ ಮುನ್ನ

ರಾಶಿ ಮುಗಿದು, ತೊಗರಿ ಮಾರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲೇ ನಮ್ಮ ಕಡೆ ಮನೆಯ ಮಾತು ಏಳುತ್ತದೆ. ಹಳೆಯ ಮಾಳಿಗೆ ಸೋರುತ್ತದೆ, ಮಗನ ಮದುವೆ ಬಂದಿದೆ, ಇನ್ನೊಂದು ಖೋಲಿ ಬೇಕು. ಗೌಂಡಿಯನ್ನು ಕರೆದು ಹಗ್ಗ ಹಿಡಿಯುವುದಕ್ಕೆ ಮೊದಲು ಅಫಜಲಪುರ, ಜೇವರ್ಗಿ ತಾಲೂಕುಗಳ ಭೀಮಾ ದಂಡೆಯ ರೈತ ಬಾಂಧವರು ಒಂದು ಕೆಲಸ ಮಾಡಬೇಕು. 2020ರ ಅಕ್ಟೋಬರಿನಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಊರಿನ ಹಿರಿಯರನ್ನು ಕೇಳಿಕೊಂಡು, ಗುಡಿಯ ಗೋಡೆಯ ಮೇಲೋ ಬೇವಿನ ಮರದ ಬೊಡ್ಡೆಯ ಮೇಲೋ ಡಾಂಬರಿನಿಂದ ಗುರುತು ಹಾಕಿಡಬೇಕು. ಮುಂದಿನ ಲೆಕ್ಕವೆಲ್ಲ ಆ ಗುರುತಿನಿಂದಲೇ.

ಆ ವರ್ಷದ ನೆರೆ ನಿಮಗೆ ನೆನಪಿದ್ದೇ ಇದೆ. ಮಹಾರಾಷ್ಟ್ರದಲ್ಲಿ ಮಳೆ ಹೊಡೆದು ಉಜನಿ ಅಣೆಕಟ್ಟಿನಿಂದಲೂ ನೀರಾ ನದಿಯ ವೀರ ಅಣೆಕಟ್ಟಿನಿಂದಲೂ ನೀರು ಬಿಟ್ಟರು. ಸೊನ್ನ ಬ್ಯಾರೇಜಿನಲ್ಲಿ ಹರಿವು ಸುಮಾರು 8 ಲಕ್ಷ ಕ್ಯೂಸೆಕ್ ಮುಟ್ಟಿತು. 2009ರಲ್ಲಿಯೂ ನೆರೆ ಕಂಡಿದ್ದೆವು. 2025ರ ಸೆಪ್ಟೆಂಬರಿನಲ್ಲಿ ಹೊಳೆ ಮತ್ತೆ ತುಂಬಿ, ಕಟ್ಟಿಸಂಗಾವಿ ಸೇತುವೆಯ ಬಳಿ ಜೇವರ್ಗಿ-ಕಲಬುರಗಿ ಸಂಚಾರ ನಿಂತಿತು. ನಮ್ಮ ಹೊಲದ ಮೇಲೆ ಒಂದು ಹನಿ ಬೀಳದೆ ಆಕಾಶ ತಿಳಿಯಾಗಿದ್ದಾಗಲೂ ಭೀಮೆ ಏರಬಲ್ಲಳು. ಆದುದರಿಂದ ನಮ್ಮೂರ ಮಳೆ ನೋಡಿ ಮನೆಯ ಎತ್ತರ ನಿಶ್ಚಯಿಸುವುದು ತಪ್ಪು.

ಇನ್ನು ಪರವಾನಗಿಯ ಮಾತು. ‘ನನ್ನ ಜಾಗದಲ್ಲಿ ನಾನು ಕಟ್ಟಲಿಕ್ಕೆ ಪಂಚಾಯಿತಿಯನ್ನೇಕೆ ಕೇಳಬೇಕು’ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣದ ಪ್ರಕಾರ, ಹೊಸ ಮನೆ ಕಟ್ಟುವುದಕ್ಕೂ ಇದ್ದ ಮನೆಗೆ ಖೋಲಿ ಸೇರಿಸುವುದಕ್ಕೂ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಪಟ್ಟಣದ ಹದ್ದಿನೊಳಗಾದರೆ ಪುರಸಭೆಯದು. ಗ್ರಾಮಠಾಣಾ ಬಿಟ್ಟು ಹೊಲದಲ್ಲಿ ವಾಸಕ್ಕೆಂದು ಮನೆ ಹಾಕುವುದಾದರೆ 1964ರ ಭೂ ಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಭೂ ಪರಿವರ್ತನೆ ಮಾಡಿಸಬೇಕು. ಸಾಗುವಳಿಗೆ ಬೇಕಾದ ಕಟ್ಟಡಕ್ಕೆ ಅದೇ ಪ್ರಕರಣದಲ್ಲಿ ಅವಕಾಶವಿದೆ.

ಈ ಕಾಗದದ ಬೆಲೆ ತಿಳಿಯುವುದು ಮನೆ ಬಿದ್ದ ಮೇಲೆ. ಕೇಂದ್ರ ಸರಕಾರ 2022-23ರಿಂದ 2025-26ರ ಅವಧಿಗೆ ಗೊತ್ತುಮಾಡಿದ ವಿಪತ್ತು ಪರಿಹಾರದ ನಿಯಮದಲ್ಲಿ, ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಇಲ್ಲವೆ ತೀವ್ರ ಹಾನಿಯಾದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಎಂದಿತ್ತು. ರಾಜ್ಯ ಸರಕಾರ ತನ್ನ ಪಾಲು ಸೇರಿಸುವುದೂ ಉಂಟು. ಆದರೆ ಅದೇ ನಿಯಮದ ಕೆಳಗೆ ಒಂದು ಸಾಲು ಇತ್ತು: ಹಾನಿಯಾದ ಮನೆ ಅಧಿಕೃತ ಕಟ್ಟಡವಾಗಿದ್ದು, ಸಕ್ಷಮ ಅಧಿಕಾರಿ ಅದನ್ನು ದೃಢೀಕರಿಸಿರಬೇಕು. ನೆರೆ ಇಳಿದು ಕೆಸರಿನಲ್ಲಿ ನಿಂತಾಗ, ಪಂಚನಾಮೆಗೆ ಬಂದ ಗ್ರಾಮ ಆಡಳಿತಾಧಿಕಾರಿಯ ಮುಂದೆ ತೋರಿಸಲು ಕಾಗದವಿಲ್ಲದೆ ಕೈ ಹಿಸುಕಿಕೊಳ್ಳುವ ಪ್ರಸಂಗ ನಿಮಗೆ ಬೇಡ. ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಿ ಪಡೆಯಿರಿ. ಕಂದಾಯದ ರಸೀದಿ, ನಕ್ಷೆ, ಪರವಾನಗಿ ಪತ್ರ ಇವುಗಳ ಒಂದೊಂದು ಪ್ರತಿ ಎತ್ತರದ ಊರಿನ ಬೀಗರ ಮನೆಯಲ್ಲಿರಲಿ.

ಪರವಾನಗಿ ಸಿಕ್ಕಿತೆಂದ ಮಾತ್ರಕ್ಕೆ ಜಾಗ ಸುರಕ್ಷಿತವೆಂದು ತಿಳಿಯಬೇಡಿ. ಹೊಳೆಯ ಪಾತ್ರವನ್ನು ವಲಯಗಳಾಗಿ ವಿಂಗಡಿಸಿ ಎಲ್ಲಿ ಏನು ಕಟ್ಟಬಹುದೆಂದು ಗೊತ್ತುಮಾಡುವ ಮಾದರಿ ಮಸೂದೆಯೊಂದನ್ನು ಕೇಂದ್ರ ಜಲ ಆಯೋಗ 1975ರಲ್ಲಿಯೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನದಂಥ ಕೆಲವೇ ರಾಜ್ಯಗಳು ಕಾಯಿದೆ ಮಾಡಿದವು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯಿದೆ ಬರಲಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಳತೆಯೊಂದಿದೆ. ಆಸ್ಪತ್ರೆ, ವಿದ್ಯುತ್ ಕೇಂದ್ರಗಳು ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ವಾಸದ ಮನೆ, ಸರಕಾರಿ ಕಚೇರಿ, ಸಾರ್ವಜನಿಕ ಗ್ರಂಥಾಲಯಗಳು ಇಪ್ಪತ್ತೈದು ವರ್ಷದ ನೆರೆಗಿಂತ ಮೇಲೆ. (ನೀವು ಈ ಪತ್ರಿಕೆ ಓದುತ್ತಿರುವ ವಾಚನಾಲಯ ಎಷ್ಟು ಎತ್ತರದಲ್ಲಿದೆಯೆಂದು ಹೊರಗೆ ಹೋಗುವಾಗ ಒಮ್ಮೆ ನೋಡಿ.) ನಮ್ಮ ಅಭಿಪ್ರಾಯದಲ್ಲಿ, ಹೊಳೆದಂಡೆಯ ರೈತನಿಗೆ 2020ರ ಗುರುತೇ ಸಾಕಾದ ಅಳತೆ. ನಕ್ಷೆ ಬರೆಯಿಸುವಾಗ ಆ ಗುರುತಿನ ಎತ್ತರವನ್ನೂ ಅದರಲ್ಲಿ ಕಾಣಿಸಲು ಎಂಜಿನಿಯರರಿಗೆ ಹೇಳಿ.

2009ರ ನಂತರ ಉತ್ತರ ಕರ್ನಾಟಕದಲ್ಲಿ ಊರುಗಳನ್ನೇ ಎತ್ತರಕ್ಕೆ ಸಾಗಿಸುವ ಕೆಲಸ ‘ಆಸರೆ’ ಹೆಸರಿನಲ್ಲಿ ನಡೆಯಿತು. ಹಲವು ಕಡೆ ಹೊಸ ಮನೆಗಳು ಖಾಲಿಯೇ ಉಳಿದವು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿರಲಿಲ್ಲ. ಆ ಮನೆಗಳಿಗೆ ಹೋಗದವರನ್ನು ಬೈದು ಫಲವಿಲ್ಲ. ಎತ್ತು ಎಮ್ಮೆಗೆ ನೆರಳಿಲ್ಲದ ಕಡೆ ಒಕ್ಕಲಿಗನಾದವನು ಹೇಗೆ ಇದ್ದಾನು? ಹಳೆಯ ಜಾಗದಲ್ಲೇ ಇರಬೇಕಾದವರು ಜೋತಿಯನ್ನಾದರೂ ಎತ್ತರಿಸಬೇಕು.

ನಮ್ಮ ಎರೆ ಭೂಮಿಯ ಗುಣ ನಿಮಗೆ ಹೊಸದಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಎರಡಡಿ ಪಾಯ ತೋಡಿ ನಿಲ್ಲಿಸಿದ ಗೋಡೆ ನೆರೆ ಬಾರದಿದ್ದರೂ ಸೀಳುತ್ತದೆ. ಪಾಯ ಬಿರುಕು ಮುಗಿಯುವ ಆಳವನ್ನು ದಾಟಿ ಇಳಿಯಬೇಕು, ಅಂದರೆ ಐದಡಿಗಾದರೂ. ಎರೆ ಬಹಳ ಆಳವಿದ್ದ ಕಡೆ, ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡ ಅಗಲವಾದ ಕಾಂಕ್ರೀಟು ಕಂಬದ ಪಾಯ ಒಳ್ಳೆಯದು. ಅದು ಸುಮಾರು ಮೂರೂವರೆ ಮೀಟರು ಕೆಳಗಿಳಿಯುತ್ತದೆ. ತೋಡಿದ ಎರೆ ಮಣ್ಣನ್ನೇ ಮತ್ತೆ ಒಳಗೆ ತುಂಬುವ ಚಾಳಿ ಬಿಡಿ. ಗರಸು ತಂದು, ಅರ್ಧ ಅಡಿಗೊಮ್ಮೆ ನೀರು ಹಾಕಿ, ದಮ್ಮಸು ಮಾಡಿ. ಇಪ್ಪತ್ತಕ್ಕೆ ಮೂವತ್ತು ಅಡಿಯ ಮನೆಯನ್ನು ಮೂರಡಿ ಎತ್ತರಿಸಲು 18 ಬ್ರಾಸ್ ಗರಸು ಹಿಡಿಯುತ್ತದೆ, ಬಡಿದು ಕೂರಿಸಿದಾಗ ಇನ್ನೂ ಹೆಚ್ಚು. ಖರ್ಚು ನಿಜ. ಮುಂಭಾಗದ ನುಣುಪು ಟೈಲ್ಸು, ಬಣ್ಣದ ಕಂಬಗಳಿಗೆ ಹಾಕುವ ಹಣವನ್ನು ಈ ಕಡೆ ತಿರುಗಿಸಿ.

ನಿಂತ ನೀರಿನ ಒತ್ತಡ ಎಷ್ಟೆಂದು ಕೇಳಿ. ಗೋಡೆಗೆ ಒಂದೇ ಮಗ್ಗುಲಲ್ಲಿ ಒಂದು ಮೀಟರು ನೀರು ನಿಂತರೆ, ಗೋಡೆಯ ಪ್ರತಿ ಮೀಟರು ಉದ್ದದ ಮೇಲೆ 5 ಕ್ವಿಂಟಲ್ ನೂಕು ಬೀಳುತ್ತದೆ. ಎರಡು ಮೀಟರಾದರೆ ಹತ್ತಲ್ಲ, 20 ಕ್ವಿಂಟಲ್. ಬಾಗಿಲು ಮುಚ್ಚಿ ನೀರನ್ನು ತಡೆಯಹೋದವರ ಗೋಡೆ ಬೀಳುವುದು ಇದರಿಂದಲೇ. ಜೋತಿ ಮುಳುಗಿದ ಮೇಲೆ ನೀರನ್ನು ಒಳಗೆ ಬಿಡಿ, ಎರಡೂ ಕಡೆಯ ಒತ್ತಡ ಸಮನಾಗುತ್ತದೆ. ಶಹಾಬಾದ ಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ ಗೋಡೆ ನೆನೆದಾಗ ಎರಡು ಹೋಳಾಗಿ ಉಬ್ಬುತ್ತದೆ. ಎರಡೂ ಮೈಗೆ ತಾಗುವ ಉದ್ದನೆಯ ಕಲ್ಲನ್ನು ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕಡಿಗೊಂದರಂತೆ ಇಡಿಸಿ. ಜೋತಿಯ ಮಟ್ಟ, ಬಾಗಿಲ ಮೇಲುಮಟ್ಟ, ಮಾಳಿಗೆಯ ಕೆಳಗೆ, ಹೀಗೆ ಮೂರು ಕಡೆ ಕಬ್ಬಿಣ ಹಾಕಿದ ಕಾಂಕ್ರೀಟು ಪಟ್ಟಿ ಸುತ್ತಲೂ ಬರಲಿ.

ಮಣ್ಣಿನ ಮಾಳಿಗೆ ಬೇಸಿಗೆಗೆ ತಂಪು, ಅಲ್ಲವೆನ್ನಲಾರೆವು. ಆದರೆ ಒಂದಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 5 ಕ್ವಿಂಟಲ್ ತೂಗುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಖೋಲಿಯಾದರೆ ತಲೆಯ ಮೇಲೆ 55 ಕ್ವಿಂಟಲ್. ನೀರು ಇಳಿದ ಎರಡು ದಿನಕ್ಕೆ, ಕಸ ಬಳಿಯಲು ಒಳಗೆ ಹೋದಾಗ ಕುಸಿಯುವುದು ಇಂಥ ಮನೆಯೇ. ನೆನೆದ ಗೋಡೆ ಒಣಗಿ, ತಿಳಿದವರು ನೋಡಿ ಹೇಳುವವರೆಗೆ ಮಕ್ಕಳನ್ನು ಒಳಗೆ ಮಲಗಿಸಬೇಡಿ.

ಆಳಂದದವರ ಕಷ್ಟ ಬೇರೆ. ಅಲ್ಲಿ ಅಮರ್ಜಾ ಹಾಗೂ ಹಳ್ಳಗಳು ತಾಸೆರಡು ತಾಸಿನಲ್ಲಿ ತುಂಬಿ, ಅಷ್ಟೇ ಬೇಗ ಇಳಿಯುತ್ತವೆ. ಹಳ್ಳದ ಅಂಚಿನಲ್ಲಿ ಕಟ್ಟುವವರು ಪಹಣಿಯಲ್ಲಿ ‘ಬ ಖರಾಬು’ ಎಂದು ತೋರಿಸಿದ ಜಾಗವನ್ನು ಮುಟ್ಟಬಾರದು. ಅದು ಹಳ್ಳ, ದಾರಿಗಳಿಗೆ ಬಿಟ್ಟ ನೆಲ. ಅಲ್ಲಿ ಪರವಾನಗಿಯೂ ಸಿಗದು, ಪರಿಹಾರವೂ ಸಿಗದು.

ಕಡೆಯದಾಗಿ ಹಗೇವಿನ ವಿಷಯ. ನೆರೆಯ ಗುರುತಿನ ಕೆಳಗಿರುವ ಹಗೇವಿನಲ್ಲಿ ಬಿತ್ತನೆ ಬೀಜ ಇಡಬೇಡಿ. ಒಮ್ಮೆ ನೀರು ಹೊಕ್ಕ ಹಗೇವನ್ನು ತೆರೆದು ಒಣಗಿಸಿ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರನ್ನೂ ಇಳಿಸಬೇಡಿ. ವಿದ್ಯುತ್ ಮೀಟರು, ಸ್ವಿಚ್ ಬೋರ್ಡುಗಳನ್ನು ಡಾಂಬರು ಗುರುತಿಗಿಂತ ಎರಡಡಿ ಮೇಲೆ ಕೂರಿಸಲು ಗೌಂಡಿಗೂ ವೈರಿಂಗಿನವನಿಗೂ ಮೊದಲೇ ಹೇಳಿಡಿ.