ನಂಬಿ ಕಾಯುವುದು

"ಎಲ್ಲವೂ ಶಿವನಿಚ್ಛೆ" ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೆಯೋ ಲೆಕ್ಕವಿಲ್ಲ. ಸೋಮಾರಿಯೂ ಅದನ್ನೇ ಆಡುತ್ತಾನೆ, ಭಕ್ತನೂ ಅದನ್ನೇ ಆಡುತ್ತಾನೆ. ಇಬ್ಬರಿಗೂ ಇರುವ ಅಂತರವನ್ನು ತಿಳಿಯಬೇಕಾದರೆ ಸಾಲಹಳ್ಳಿ, ಸವದತ್ತಿಯ ಕಡೆಯ ಎರೆಹೊಲಗಳಿಗೆ ಹೋಗಬೇಕು.

ಹಿಂಗಾರಿ ಜೋಳ ಬೆಳೆಯುವ ರೈತನು ಮುಂಗಾರಿನಲ್ಲಿ ಸುಮ್ಮನೆ ಕೂಡ್ರುವುದಿಲ್ಲ. ಮಳೆ ಬಿದ್ದಾಗಲೊಮ್ಮೆ ಹೊಲ ಹರಗುತ್ತಾನೆ. ಕಸ ಸಾಯಬೇಕು, ನೆಲದ ಹಸಿ ಆರದೆ ಉಳಿಯಬೇಕು. ಹದ ನೋಡಿ ಕೂರಿಗೆ ಹೂಡಿ ಬಿತ್ತುತ್ತಾನೆ. ಆಮೇಲೆ ಮೊಳಕೆಯನ್ನು ಕೈಯಿಂದ ಜಗ್ಗಿ ಮೇಲೆತ್ತಲು ಬರುವುದಿಲ್ಲ. ನೆಲದೊಳಗಿನ ಹಸಿ, ಚಳಿಗಾಲದ ಇಬ್ಬನಿ ಇವೇ ತೆನೆ ತುಂಬಬೇಕು. ಹರಗದೆ ಕಾಯುವವನು ಮೈಗಳ್ಳ. ಪೈರನ್ನು ಎಬ್ಬಿಸಿದವನು ನಾನೇ ಎನ್ನುವವನು ಅಹಂಕಾರಿ. ಭಕ್ತನ ದಾರಿ ಇವೆರಡರ ನಡುವೆ ಇದೆ.

ನಮ್ಮ ಷಟ್‌ಸ್ಥಲದಲ್ಲಿ ಭಕ್ತ, ಮಾಹೇಶ್ವರ ಸ್ಥಲಗಳಾದ ಮೇಲೆ ಪ್ರಸಾದಿ ಸ್ಥಲ ಬರುತ್ತದೆ. ದುಡಿದುದನ್ನು ಲಿಂಗಕ್ಕೆ ಅರ್ಪಿಸುವುದು, ತಿರುಗಿ ಬಂದುದನ್ನು ಪ್ರಸಾದವೆಂದು ಕೊಳ್ಳುವುದು ಆ ಸ್ಥಲದ ನಡೆ. ಅರ್ಪಿಸುವಾಗ ಬಿಟ್ಟುಕೊಡುವುದು "ನನ್ನದು" ಎಂಬ ಹಿಡಿತ.

ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದರೆಂದು ಶರಣಚರಿತ್ರೆ ಹೇಳುತ್ತದೆ. ಮಡದಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿದರು. ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಮತ್ತೆ ತಪ್ಪೇನು? ನಮಗೆ ತೋರುವ ಮಟ್ಟಿಗೆ, "ನಾಳೆ ಸಿಗದಿದ್ದರೆ?" ಎಂಬ ಅಂಜಿಕೆಯೊಂದು ಆ ಅಕ್ಕಿಯ ಜೊತೆಗೆ ಮನೆಯೊಳಗೆ ಬಂದಿತ್ತು. ಬಡತನದಲ್ಲಿದ್ದೂ ಅದನ್ನು ಹೊರಗೆ ಹಾಕಿದ ಧೈರ್ಯ ಆ ತಾಯಿಯದು.

ಈ ನಂಬಿಕೆ ಕಷ್ಟದಲ್ಲಿಯೂ ನಿಲ್ಲಬಲ್ಲುದೇ? ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ರಾಮದುರ್ಗದ ಮುಂದೆ ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನಮ್ಮ ಮಲಪ್ರಭೆ 2019ರ ಆಗಸ್ಟ್ ತಿಂಗಳಲ್ಲಿ ಉಕ್ಕಿತು. ದಂಡೆಯ ಊರುಗಳಲ್ಲಿ ಮನೆ ಬಿದ್ದವು, ಬೆಳೆ ಹೋಯಿತು. ಗೋಡೆ ಬಿದ್ದವನ ಮುಂದೆ ನಿಂತು "ಇದೂ ಪ್ರಸಾದವಪ್ಪಾ" ಎಂದು ಬೋಧಿಸುವುದು ಶರಣಧರ್ಮವಲ್ಲ. ಅವನಿಗೆ ಮೊದಲು ರೊಟ್ಟಿ ಬೇಕು, ಹೊದಿಕೆ ಬೇಕು. ಕಾಯುವವನ ಬಳಿಗೆ ಶಿವನು ಬರುವುದು ಬಹುಮಟ್ಟಿಗೆ ನೆರೆಮನೆಯವರ ಕೈಯಿಂದಲೇ. ದಾಸೋಹವೆಂಬುದು ಅದಕ್ಕಾಗಿಯೇ ಇದೆ.

ಇನ್ನೊಂದು ಮಾತು. ಎಲ್ಲವನ್ನೂ ನಾನೇ ಮಾಡಿದೆ ಎಂದುಕೊಂಡವನು ಬೆಳೆ ಹೋದಾಗ ಸೋಲನ್ನೂ ಒಬ್ಬನೇ ಹೊರುತ್ತಾನೆ. ಸಾಲ ಕೊಟ್ಟವರ ಮುಖ ನೋಡಲಾರದೆ ಜೀವ ಬಿಡುವ ಯೋಚನೆಗೂ ಬರುತ್ತಾನೆ. ಅಂಥವರಿಗೆ ನಾವು ಹೇಳುವುದಿಷ್ಟು: ತಮ್ಮಾ, ಬೆಳೆ ಶಿವನಿಗೆ ಅರ್ಪಿತವಾಗಿದ್ದರೆ ನಷ್ಟವೂ ನಿನ್ನೊಬ್ಬನದಲ್ಲ. ಮನೆಯವರ ಮುಂದೆ, ಊರ ಹಿರಿಯರ ಮುಂದೆ, ಮಠಕ್ಕಾದರೂ ಬಂದು ಬಾಯಿಬಿಟ್ಟು ಹೇಳು.

ಹಾಗಾದರೆ ಬೀಜದ ಜೋಳ ತೆಗೆದಿಡುವುದು, ಬೆಳೆವಿಮೆ ತುಂಬುವುದು ನಂಬಿಕೆಗೆ ಕುಂದೇ ಎಂದು ಕೇಳುವವರಿದ್ದಾರೆ. ಕುಂದಲ್ಲ. ಬೀಜವು ಮುಂದಿನ ಕಾಯಕದ ಸಲಕರಣೆ. ಅದನ್ನು ತಿಂದು ಮುಗಿಸಿ ಮುಗಿಲು ನೋಡುವವನು ಹರಗದೆ ಕಾಯುವವನ ಸಾಲಿನವನೇ. ಲಕ್ಕಮ್ಮನವರು ತಿರುಗಿ ಕಳುಹಿದ ಅಕ್ಕಿಯಾದರೋ, ಹಸಿದ ಮತ್ತೊಬ್ಬರು ಆಯ್ದುಕೊಳ್ಳಬಹುದಾಗಿದ್ದ ಅಕ್ಕಿ.