ವಿಮಾನದ ರೇಡಾರು ಮತ್ತು ಚೆನ್ನೈಯ ಕಡಲು

೧೯೧೪ನೆಯ ಇಸವಿ ಸೆಪ್ಟೆಂಬರ್ ೨೨ರ ರಾತ್ರಿ ಜರ್ಮನಿಯ ಎಂಡೆನ್ ಎಂಬ ಯುದ್ಧನೌಕೆಯು ಕತ್ತಲೆಯಲ್ಲಿ ಮದರಾಸಿನ ದಡದ ಸಮೀಪಕ್ಕೆ ಬಂದು ಗುಂಡಿನ ಮಳೆಗರೆಯಿತು. ಬಂದರಿನ ಬಳಿಯ ಎಣ್ಣೆಯ ತೊಟ್ಟಿಗಳು ಹೊತ್ತಿ ಉರಿದವು. ಬರುವ ಹಡಗನ್ನು ದೂರದಿಂದಲೇ ಕಾಣುವ ಉಪಾಯ ಆಗ ಇರಲಿಲ್ಲ.

ಹಗಲಿನಲ್ಲಾದರೂ ಮರೀನಾ ದಡದಲ್ಲಿ ನಿಂತವನಿಗೆ ಕಡಲಿನ ಮೇಲ್ಮೈ ಸುಮಾರು ೫ ಕಿಲೋಮೀಟರಿನವರೆಗೆ ಮಾತ್ರ ಕಾಣುತ್ತದೆ. ಅದರಾಚೆ ಭೂಮಿಯ ದುಂಡುತನವೇ ಅಡ್ಡ. ರೇಡಾರಿನ ಅಲೆಗಳೂ ಹೆಚ್ಚುಕಡಿಮೆ ನೇರವಾಗಿ ಸಾಗತಕ್ಕವಾದುದರಿಂದ ಅವಕ್ಕೂ ಈ ತೊಡಕು ತಪ್ಪಿದ್ದಲ್ಲ. ಆ ರೇಡಾರನ್ನು ವಿಮಾನದಲ್ಲಿಟ್ಟು ೩,೦೦೦ ಮೀಟರು ಮೇಲಕ್ಕೆ ಒಯ್ದರೆ ಅದರ ದಿಗಂತವು ಸುಮಾರು ೨೨೫ ಕಿಲೋಮೀಟರು ದೂರಕ್ಕೆ ಸರಿಯುತ್ತದೆ. ವಿಮಾನದ ರೇಡಾರಿನ ಹಿರಿಮೆಯೆಲ್ಲ ಮೊದಲು ಈ ಎತ್ತರದಲ್ಲಿದೆ.

ಅದರ ಕಾರ್ಯಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ರೇಡಾರು ಹೊಮ್ಮಿಸಿದ ರೇಡಿಯೋ ಮಿಡಿತವು ವಸ್ತುವಿಗೆ ತಾಗಿ ಮಾರ್ದನಿಯಾಗಿ ಹಿಂದಿರುಗುತ್ತದೆ. ಹೋಗಿಬರಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಹಿಡಿದರೆ ವಸ್ತು ೧೫೦ ಕಿಲೋಮೀಟರು ದೂರದಲ್ಲಿದೆಯೆಂದು ತಿಳಿಯತಕ್ಕದ್ದು.

ಆದರೆ ತೆರೆಗಳೂ ಮಾರ್ದನಿ ಕೊಡುತ್ತವೆ. ಉಕ್ಕಿನ ದೊಡ್ಡ ಹಡಗು ಸುಲಭವಾಗಿ ಸಿಕ್ಕುತ್ತದೆ. ಕಾಸಿಮೇಡಿನ ಬೆಸ್ತರ ಚಿಕ್ಕ ದೋಣಿಯ ಕ್ಷೀಣವಾದ ಮಾರ್ದನಿ ತೆರೆಗಳ ಗದ್ದಲದಲ್ಲಿ ಅಡಗಿಹೋಗಬಹುದು. ಆದ್ದರಿಂದ ಒಂದೇ ಎಡೆಯನ್ನು ಮತ್ತೆ ಮತ್ತೆ ನೋಡಿ ಹೋಲಿಸುತ್ತಾರೆ. ತೆರೆಯ ಮಾರ್ದನಿ ಕ್ಷಣಕ್ಷಣಕ್ಕೆ ಬದಲಾಗುತ್ತದೆ, ದೋಣಿಯದು ಉಳಿದು ನಿಲ್ಲುತ್ತದೆ.

ನೆಲದ ಮೇಲೆ ಮರ, ಗುಡ್ಡ, ಕಟ್ಟಡಗಳ ಮಾರ್ದನಿ ಇನ್ನೂ ಪ್ರಬಲ. ಅಲ್ಲಿ ಚಲಿಸುವ ವಾಹನವನ್ನು ಮಾರ್ದನಿಯ ಆವರ್ತನದಲ್ಲಾಗುವ ವ್ಯತ್ಯಾಸದಿಂದ ಬೇರ್ಪಡಿಸುತ್ತಾರೆ. ಇದು ಡಾಪ್ಲರ್ ಪರಿಣಾಮ. ನಿಂತ ವಸ್ತುಗಳಾದರೆ, ವಿಮಾನದ ಹಾದಿಯುದ್ದಕ್ಕೂ ಸಂಗ್ರಹಿಸಿದ ಮಾರ್ದನಿಗಳನ್ನು ಕೂಡಿಸಿ ಚಿತ್ರವನ್ನೇ ರಚಿಸುತ್ತಾರೆ. ಇರುಳಾಗಲಿ ಮೋಡವಾಗಲಿ ಇದಕ್ಕೆ ಅಡ್ಡಿಯಲ್ಲ.

ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆ ಇಂತಹ ಕಡಲಗಾವಲಿನ ರೇಡಾರನ್ನು ರೂಪಿಸಿದೆ. ಚೆನ್ನೈಗೆ ಪಶ್ಚಿಮದಲ್ಲಿರುವ ಅರಕ್ಕೋಣದ ನೌಕಾ ವಿಮಾನನೆಲೆ ಐಎನ್‌ಎಸ್ ರಾಜಾಳಿಗೆ ೨೦೧೩ರಲ್ಲಿ ರೇಡಾರು ಹೊತ್ತ ಪಿ-೮ಐ ವಿಮಾನಗಳು ಬಂದವು.

ಈ ಸಾಧನಕ್ಕೂ ಒಂದು ಮೇರೆಯುಂಟು. ೨೦೧೫ನೆಯ ಜೂನ್ ೮ರಂದು ಚೆನ್ನೈಯಿಂದ ಕಾವಲಿಗೆ ಹೊರಟ ಕರಾವಳಿ ರಕ್ಷಣಾ ಪಡೆಯ ಡಾರ್ನಿಯರ್ ವಿಮಾನವು ಮೂವರೊಡನೆ ಕಡಲಿನಲ್ಲಿ ಕಣ್ಮರೆಯಾಯಿತು. ರೇಡಾರಿನ ಅಲೆಗಳು ಉಪ್ಪುನೀರಿನೊಳಕ್ಕೆ ಇಳಿಯಲಾರವು. ನೀರಡಿಯ ಶಬ್ದಸಂಕೇತದ ಸುಳಿವು ಹಿಡಿದು ಹುಡುಕಿದ ಮೇಲೆ, ಜುಲೈ ತಿಂಗಳಲ್ಲಿ, ಅವಶೇಷಗಳು ದೊರೆತವು. ಮೂವರಲ್ಲಿ ಯಾರೂ ಉಳಿದಿರಲಿಲ್ಲ. ಈ ಕಾವಲಿನ ಲಾಭವನ್ನು ಎಣಿಸುವಾಗ ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸುವುದು ನ್ಯಾಯ.