ಆಟದ ಕುರಿತೊಂದು ಕೂಟ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಹಿಂದಿನ ಮುಖ್ಯೋಪಾಧ್ಯಾಯನೆಂಬ ನೆಲೆಯಲ್ಲಿ ಶಾಲೆಯ ಇತಿಹಾಸವನ್ನೇ ಬರೆಯಬೇಕೆಂದು ನಾನು ಭಾವಿಸಿದ್ದೆ. ಆದರೆ ಆ ಕಾರ್ಯವನ್ನು ನನಗಿಂತ ಸಮರ್ಥರು ವಹಿಸಿಕೊಂಡಿದ್ದಾರೆ. ಇದೇ ಸಮಯದಲ್ಲಿ ನಮ್ಮ ಮೂವರು ಹಳೆ ವಿದ್ಯಾರ್ಥಿಗಳು ಕೈಗೊಂಡ ಹೊಸ ಪ್ರಯತ್ನವೊಂದು ನನ್ನ ಗಮನಕ್ಕೆ ಬಂದಿತು. ಅದು ಏನು, ಹೇಗೆ ನಡೆಯುತ್ತದೆ, ಅದರಿಂದ ನಮ್ಮ ಊರಿಗೂ ಭಾಷೆಗೂ ಏನು ಪ್ರಯೋಜನ ಎಂಬುದನ್ನು ನನ್ನಂತಹ ಹಿರಿಯರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಈ ಮೂವರೂ 1998ರಲ್ಲಿ ಏಳನೆಯ ತರಗತಿಯನ್ನು ಮುಗಿಸಿ ನಮ್ಮ ಶಾಲೆಯಿಂದ ಹೊರಟವರು. ಒಬ್ಬಾತ ಮಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ, ಒಬ್ಬಾಕೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ, ಮೂರನೆಯವನು ಅಬುಧಾಬಿಯಲ್ಲಿದ್ದಾನೆ. ಕಳೆದ ಓಣಂ ರಜೆಯಲ್ಲಿ ಮೊದಲಿನ ಇಬ್ಬರು ಮನೆಗೆ ಬಂದರು. "ಮಾಷ್ಟ್ರೇ, ನಾವು ಮೂವರು ಸೇರಿ ಒಂದು ಪಾಡ್‌ಕಾಸ್ಟ್ ಶುರು ಮಾಡ್ತಾ ಇದ್ದೇವೆ. ವೀಡಿಯೊ ಗೇಮು, ಸಿನೆಮಾ, ಹೀಗೆ ಖುಷಿ ಕೊಡುವಂಥದ್ದರ ಬಗ್ಗೆ ಪಟ್ಟಾಂಗ. ನಿಮ್ಮ ಆಶೀರ್ವಾದ ಬೇಕು" ಎಂದರು. ಜತೆಗೆ, ತಮ್ಮೊಳಗಿನ ಒಂದು ಜಗಳವನ್ನೂ ನಾನು ತೀರಿಸಿಕೊಡಬೇಕೆಂದರು. ಆ ಜಗಳದ ವಿಷಯಕ್ಕೆ ಮುಂದೆ ಬರುತ್ತೇನೆ.

ಪಾಡ್‌ಕಾಸ್ಟ್ ಎಂದರೇನು?

ಸರಳವಾಗಿ ಹೇಳುವುದಾದರೆ, ಅಂತರ್ಜಾಲದ ಮೂಲಕ ಕಂತುಕಂತಾಗಿ ನಮ್ಮನ್ನು ತಲುಪುವ ಧ್ವನಿ ಕಾರ್ಯಕ್ರಮವೇ ಪಾಡ್‌ಕಾಸ್ಟ್. 2001ರಲ್ಲಿ ಆಪಲ್ ಕಂಪೆನಿಯು ಐಪಾಡ್ ಎಂಬ ಸಾಧನವನ್ನು ಹೊರತಂದಿತು. ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹಾಡು ಕೇಳಬಹುದಾದ ಪುಟ್ಟ ಪೆಟ್ಟಿಗೆಯದು. ಅದರ ಹೆಸರಿನ ಉತ್ತರಾರ್ಧಕ್ಕೆ, ಪ್ರಸಾರವೆಂಬ ಅರ್ಥದ ಬ್ರಾಡ್‌ಕಾಸ್ಟ್ ಶಬ್ದದ ಉತ್ತರಾರ್ಧವನ್ನು ಜೋಡಿಸಿದರೆ ಪಾಡ್‌ಕಾಸ್ಟ್ ಆಗುತ್ತದೆ. 2004ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬವರು ಈ ಶಬ್ದವನ್ನು ಬಳಕೆಗೆ ತಂದರು. 2005ರ ಜೂನ್ ತಿಂಗಳಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನಲ್ಲಿ ಇಂತಹ ಕಾರ್ಯಕ್ರಮಗಳಿಗೆ ಸ್ಥಳ ಕೊಟ್ಟ ಬಳಿಕ ಇದು ಜನಸಾಮಾನ್ಯರಿಗೆ ಪರಿಚಿತವಾಯಿತು. 2022ರಲ್ಲಿ ಐಪಾಡನ್ನು ಕಂಪೆನಿಯೇ ನಿಲ್ಲಿಸಿತು. ಅದರಿಂದ ಹುಟ್ಟಿದ ಹೆಸರು ಮಾತ್ರ ಉಳಿದುಕೊಂಡಿದೆ.

1976ರಲ್ಲಿ ಮಂಗಳೂರು ಆಕಾಶವಾಣಿ ನಿಲಯ ಆರಂಭವಾದಂದಿನಿಂದ ಕಾಸರಗೋಡಿನ ನಾವು ಅದರ ನಿಷ್ಠಾವಂತ ಕೇಳುಗರು. ಆದರೆ ಅಲ್ಲಿ ಕಾರ್ಯಕ್ರಮದ ಹೊತ್ತಿಗೆ ನಾವು ರೇಡಿಯೋದ ಮುಂದೆ ಇರಬೇಕು. ಪಾಡ್‌ಕಾಸ್ಟಿನಲ್ಲಿ ಕಾರ್ಯಕ್ರಮವೇ ನಮ್ಮ ಬಿಡುವಿಗಾಗಿ ಕಾಯುತ್ತದೆ. ಅಡಿಕೆ ಸುಲಿಯುತ್ತಲೋ ಬಸ್ಸಿನಲ್ಲಿ ಕುಳಿತೋ ಕೇಳಬಹುದು, ಅರ್ಧಕ್ಕೆ ನಿಲ್ಲಿಸಬಹುದು, ಮರುದಿನ ಮುಂದುವರಿಸಬಹುದು.

ನಮ್ಮ ನಾಡಿನವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ವೇಷ ಕಟ್ಟಿ ಕುಣಿಯುವ ಯಕ್ಷಗಾನಕ್ಕೆ ನಾವು ‘ಆಟ’ವೆಂದೂ, ವೇಷವಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಳೆಗೆ ‘ಕೂಟ’ವೆಂದೂ ಹೇಳುತ್ತೇವೆ. ಕೂಟದಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪ್ರಸಂಗದ ಪದ್ಯಗಳಷ್ಟೇ ಆಧಾರ. ಉಳಿದುದೆಲ್ಲ ಆ ಕ್ಷಣದಲ್ಲಿ ಹುಟ್ಟುವ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಲು ರಾತ್ರಿಯಿಡೀ ಚಾಪೆಯ ಮೇಲೆ ಕುಳಿತವರಿಗೆ, ಮೂವರು ಕುಳಿತು ಮಾತನಾಡುವುದನ್ನು ಜನ ಏಕೆ ಕೇಳುತ್ತಾರೆಂದು ವಿವರಿಸಬೇಕಾಗಿಲ್ಲ. ವೀಡಿಯೊ ಗೇಮ್ ಆಟವಾದರೆ ಪಾಡ್‌ಕಾಸ್ಟ್ ಕೂಟ. ನಮ್ಮ ಈ ಹಳೆ ವಿದ್ಯಾರ್ಥಿಗಳದು ಆಟದ ಕುರಿತಾದ ಕೂಟ.

ನಡೆಯುವ ಕ್ರಮ

ಇದಕ್ಕೆ ದೊಡ್ಡ ಬಂಡವಾಳ ಬೇಕಾಗಿಲ್ಲವೆಂದು ತಿಳಿದು ನನಗೆ ಆಶ್ಚರ್ಯವಾಯಿತು. ಮೂವರೂ ತಮ್ಮ ತಮ್ಮ ಊರಿನಲ್ಲಿದ್ದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅಂತರ್ಜಾಲದ ಕರೆಯಲ್ಲಿ ಮಾತನಾಡುತ್ತಾರೆ. ಕರೆಯಲ್ಲಿ ಕೇಳಿಸುವ ಧ್ವನಿ ಆಗಾಗ ಕಡಿದುಹೋಗುವುದರಿಂದ ಪ್ರತಿಯೊಬ್ಬರೂ ತಮ್ಮ ಮಾತನ್ನು ತಮ್ಮಲ್ಲೇ ಬೇರೆಯಾಗಿ ಮುದ್ರಿಸಿಕೊಳ್ಳುತ್ತಾರೆ. ಆರಂಭದಲ್ಲಿ ಎಲ್ಲರೂ ಒಂದೇ ಸಲ ಚಪ್ಪಾಳೆ ತಟ್ಟುತ್ತಾರೆ; ಬಳಿಕ ಮೂರು ಮುದ್ರಣಗಳನ್ನು ಸರಿಹೊಂದಿಸಲು ಆ ಚಪ್ಪಾಳೆಯೇ ಗುರುತು. ಅಡಾಸಿಟಿಯಂತಹ, ಹಣ ಕೊಡದೆ ದೊರೆಯುವ ಸಾಫ್ಟ್‌ವೇರ್‌ನಲ್ಲಿ ಅವುಗಳನ್ನು ಜೋಡಿಸಿ, ಕೆಮ್ಮು, ಬೇಡದ ಮೌನ, ನಾಯಿಯ ಬೊಗಳು ಇವುಗಳನ್ನು ಕತ್ತರಿಸುತ್ತಾರೆ. ಊರಿಗೆ ಬಂದಿದ್ದಾಗ ತಗಡಿನ ಮಾಡಿನ ಕೆಳಗೆ ಮುದ್ರಿಸಹೋಗಿ, ಮಳೆಯ ಸದ್ದಿನಲ್ಲಿ ಮಾತೇ ಮುಳುಗಿತಂತೆ. ಕೊನೆಗೆ ಬಟ್ಟೆಯ ಕಪಾಟಿನ ಬಾಗಿಲು ತೆರೆದು ಅದರೆದುರು ಕುಳಿತು ಮಾತನಾಡಿದರಂತೆ. ಬಟ್ಟೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ.

ಸಿದ್ಧವಾದ ಕಂತನ್ನು ಅಂತರ್ಜಾಲದ ಸಂಗ್ರಹಾಗಾರವೊಂದರಲ್ಲಿ ಇಡಲಾಗುತ್ತದೆ. ಕಂತುಗಳ ಹೆಸರು, ದಿನಾಂಕ, ಅವು ಇರುವ ಸ್ಥಳ, ಇಷ್ಟನ್ನು ಬರೆದಿಟ್ಟ ಪಟ್ಟಿಯೊಂದಿರುತ್ತದೆ. ಅದನ್ನು ಫೀಡ್ ಎನ್ನುತ್ತಾರೆ. ಕೇಳುಗರ ಫೋನಿನಲ್ಲಿರುವ ಆ್ಯಪ್ ಆಗಾಗ ಆ ಪಟ್ಟಿಯನ್ನು ನೋಡಿ, ಹೊಸ ಕಂತು ಬಂದೊಡನೆ ತಂದೊಪ್ಪಿಸುತ್ತದೆ. ಚಂದಾ ಕಟ್ಟಿದ ಮಾಸಪತ್ರಿಕೆಯನ್ನು ಅಂಚೆಯವನು ಮನೆಗೆ ತಂದು ಕೊಟ್ಟಂತೆ ಎಂದು ತಿಳಿದರೆ ಸಾಕು.

ಆಟದ ಕುರಿತು ಮಾತೇಕೆ?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಇಂದು ಅಬುಧಾಬಿಯಲ್ಲಿರುವ ಹುಡುಗ ಆರನೆಯ ತರಗತಿಯಲ್ಲಿದ್ದಾಗ, ಅವನ ಮಾವ ಗಲ್ಫಿನಿಂದ ತಂದುಕೊಟ್ಟ ‘ಬ್ರಿಕ್ ಗೇಮ್’ ಎಂಬ ಕೈಯಾಟಿಕೆಯನ್ನು ಶಾಲೆಗೆ ತಂದಿದ್ದ. ಸಮಾಜ ಪಾಠದ ಹೊತ್ತಿನಲ್ಲಿ ಮೇಜಿನಡಿಯಿಂದ ಕೇಳಿದ ಕೀಚು ಸದ್ದು ಅವನನ್ನು ಹಿಡಿದುಕೊಟ್ಟಿತು. ನಾನು ಅದನ್ನು ಕಿತ್ತುಕೊಂಡು ಕಚೇರಿಯ ಕಪಾಟಿನಲ್ಲಿಟ್ಟೆ. ವರ್ಷಾಂತ್ಯಕ್ಕೆ ಮರಳಿಸುವೆನೆಂದುಕೊಂಡವನು ಮರೆತೇಬಿಟ್ಟೆ. 2006ರಲ್ಲಿ ನಿವೃತ್ತನಾಗುವಾಗ ಹಳೆಯ ಕಡತಗಳ ಹಿಂದೆ ಅದು ಸಿಕ್ಕಿತು. ಆಟಿಕೆಯನ್ನು ಎಲ್ಲೋ ಕಳೆದುಕೊಂಡನೆಂದು ಅವನಿಗೆ ಮನೆಯಲ್ಲಿ ಪೆಟ್ಟು ಬಿದ್ದಿತ್ತೆಂದೂ, ಆಗಲೂ ಅವನು ನನ್ನ ಹೆಸರೆತ್ತಲಿಲ್ಲವೆಂದೂ ಓಣಂ ರಜೆಗೆ ಬಂದ ಗೆಳೆಯರಿಂದ ಈಗ ತಿಳಿಯಿತು.

ಆ ಆಟಿಕೆಯ ಮೂಲವನ್ನು ತಿಳಿದಾಗ ನನ್ನ ನಾಚಿಕೆ ಇಮ್ಮಡಿಯಾಯಿತು. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿತ್ನೋವ್ ಎಂಬವರು ‘ಟೆಟ್ರಿಸ್’ ಎಂಬ ಆಟವನ್ನು ರಚಿಸಿದರು. ನಾಲ್ಕು ಚೌಕಗಳನ್ನು ಅಂಚಿಗಂಚು ತಾಗಿಸಿ ಮಾಡಬಹುದಾದ ಏಳು ಆಕೃತಿಗಳು ಮೇಲಿನಿಂದ ಬೀಳುತ್ತವೆ. ಅವನ್ನು ತಿರುಗಿಸಿ, ಸಾಲು ತುಂಬುವಂತೆ ಇಳಿಸಬೇಕು. ಬ್ರಿಕ್ ಗೇಮ್ ಅದರ ಅಗ್ಗದ ಅನುಕರಣೆ. ಕ್ಷೇತ್ರಗಣಿತದ ಪಾಠವೇ ಹುಡುಗನ ಕೈಯಲ್ಲಿತ್ತು; ನಾನು ಅದನ್ನು ಕಪಾಟಿಗೆ ಹಾಕಿದ್ದೆ.

ವೀಡಿಯೊ ಗೇಮ್ ಈಗ ಅರ್ಧ ಶತಮಾನಕ್ಕೂ ಹಳೆಯ ಕಲೆ. 1972ರಲ್ಲಿ ಅಮೆರಿಕದ ಅಟಾರಿ ಕಂಪೆನಿಯು ಟೇಬಲ್ ಟೆನಿಸ್ಸನ್ನು ಹೋಲುವ ‘ಪಾಂಗ್’ ಆಟವನ್ನು ತಂದಿತು. 1985ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿಯು ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ಹೊರತಂದಿತು. ಇಂದಿನ ಆಟಗಳಲ್ಲಿ ಕಥೆ, ಸಂಗೀತ, ಚಿತ್ರ ಎಲ್ಲವೂ ಸೇರಿವೆ. ಆಟಿ ತಿಂಗಳ ಮಳೆಯಲ್ಲಿ ಹದಿನಾಲ್ಕು ಗುಳಿಗಳ ಚೆನ್ನೆಮಣೆಯ ಮುಂದೆ ಹೊತ್ತು ಹೋದದ್ದೇ ತಿಳಿಯದೆ ಕುಳಿತಿದ್ದ ನಮ್ಮ ಅಜ್ಜಿಯಂದಿರು ಈ ಮಕ್ಕಳನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದರೇನೋ.

ಗೆಳೆತನವೇ ಬಂಡವಾಳ

ಈ ಮೂವರು ಇಂದಿಗೂ ಗೆಳೆಯರಾಗಿ ಉಳಿದದ್ದೂ ಆಟದಿಂದಲೇ. 2020ರ ಲಾಕ್‌ಡೌನ್ ಸಮಯದಲ್ಲಿ ಅಬುಧಾಬಿಯವನಿಗೆ ಊರಿಗೆ ಬರಲಾಗಲಿಲ್ಲ. ಆಗ ರಾತ್ರಿ ಹೊತ್ತು ಮೂವರೂ ಫೋನಿನಲ್ಲಿ ಲೂಡೊ ಆಡುತ್ತಾ ಮಾತನಾಡುತ್ತಿದ್ದರು. ಆಟ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಆ ಮಾತನ್ನೇ ಮುದ್ರಿಸಿದರೆ ಹೇಗೆ ಎಂಬ ಯೋಚನೆ ಅಲ್ಲಿಂದ ಮೂಡಿತು.

ಇಂತಹ ಪಾಡ್‌ಕಾಸ್ಟ್‌ಗಳಲ್ಲಿ ಅವರು ಆದರ್ಶವೆಂದು ಬಗೆದಿರುವುದು ಅಮೆರಿಕದ ‘ಜೈಂಟ್ ಬಾಂಬ್’. ಅದರ ಕಥೆಯನ್ನು ಅವರಿಂದ ಕೇಳಿದೆ. ಜೆಫ್ ಗರ್ಸ್ಟ್‌ಮನ್ ಎಂಬ ವಿಮರ್ಶಕರು ಆಟಗಳ ಪತ್ರಿಕೋದ್ಯಮ ಸಂಸ್ಥೆಯೊಂದರಲ್ಲಿದ್ದರು. ಅಲ್ಲಿಗೆ ಜಾಹೀರಾತು ಕೊಡುತ್ತಿದ್ದ ಕಂಪೆನಿಯ ಆಟವೊಂದಕ್ಕೆ ಅವರು ಕಡಿಮೆ ಅಂಕ ಕೊಟ್ಟರು. 2007ರ ನವೆಂಬರ್‌ನಲ್ಲಿ ಕೆಲಸವನ್ನು ಕಳೆದುಕೊಂಡರು. ಗೆಳೆಯ ರಯಾನ್ ಡೇವಿಸ್ ತಾವೂ ಕೆಲಸ ಬಿಟ್ಟು ಅವರ ಜತೆಗೂಡಿದರು. 2008ರಲ್ಲಿ, ತಮ್ಮ ಸಂಸ್ಥೆ ಪೂರ್ಣರೂಪ ತಾಳುವ ಮೊದಲೇ, ಅವರ ಪಾಡ್‌ಕಾಸ್ಟ್ ಆರಂಭವಾಯಿತು. ಆಟಗಳ ವಿಮರ್ಶೆಯ ನಡುವೆ ಊಟ, ಸಿನೆಮಾ, ಪೇಚಿನ ಪ್ರಸಂಗಗಳು, ಹೀಗೆ ಗೆಳೆಯರ ಹರಟೆಯಾಗಿಯೇ ಅದು ಬೆಳೆಯಿತು. 2013ರಲ್ಲಿ ರಯಾನ್ ಡೇವಿಸ್ 34ನೆಯ ವಯಸ್ಸಿನಲ್ಲೇ ತೀರಿಕೊಂಡಾಗ, ಅವರನ್ನು ಎಂದೂ ಕಾಣದ ಕೇಳುಗರು ಮನೆಯವರಂತೆ ದುಃಖಿಸಿದರು. ಸಂಸ್ಥೆಯ ಒಡೆತನ ಹಲವು ಕೈ ಬದಲಾಗಿ, ಕೊನೆಗೆ 2025ರ ಮೇ ತಿಂಗಳಲ್ಲಿ ಅಲ್ಲಿ ದುಡಿಯುತ್ತಿದ್ದವರೇ ಅದನ್ನು ಕೊಂಡುಕೊಂಡರು.

ಅಂಜದೆ ಅಭಿಪ್ರಾಯ ಹೇಳುವುದು, ಗೆಳೆಯನ ಕಷ್ಟಕ್ಕೆ ಜತೆ ನಿಲ್ಲುವುದು ಇವೆರಡನ್ನೂ ನಾವು ನೀತಿಪಾಠದಲ್ಲಿ ಕಲಿಸುತ್ತೇವೆ. ಈ ಮಕ್ಕಳು ಅವನ್ನು ಆಟದ ಹರಟೆಯಿಂದ ಹೆಕ್ಕಿಕೊಂಡಿದ್ದಾರೆ.

ಯಾವ ಭಾಷೆ?

ಇನ್ನು ಅವರ ಜಗಳದ ವಿಷಯ. ಇಂಗ್ಲಿಷಿನಲ್ಲಿ ಮಾತನಾಡಿದರೆ ಕೇಳುಗರು ಹೆಚ್ಚು ಎಂದು ಬ್ಯಾಂಕಿನ ಹುಡುಗನ ವಾದ. ಕನ್ನಡದಲ್ಲೇ ಆಗಬೇಕೆಂದು ಉಳಿದಿಬ್ಬರ ಹಟ. 2019ರಲ್ಲಿ ಆರಂಭವಾದ ‘ತಲೆ-ಹರಟೆ’ಯಂತಹ ಕನ್ನಡ ಪಾಡ್‌ಕಾಸ್ಟ್ ಇರುವಾಗ ನಾವೇಕೆ ಹಿಂಜರಿಯಬೇಕೆಂದು ಹುಡುಗಿ ಕೇಳಿದಳು.

ಎರಡು ಭಾಷೆಯಲ್ಲೂ ಅವರು ಒಂದೊಂದು ಕಂತನ್ನು ಪರೀಕ್ಷಾರ್ಥವಾಗಿ ಮುದ್ರಿಸಿದ್ದರು. ಮೊಮ್ಮಗನ ಫೋನಿನಲ್ಲಿ ಎರಡನ್ನೂ ಕೇಳಿದೆ. ಇಂಗ್ಲಿಷಿನ ಕಂತಿನಲ್ಲಿ ಮೂವರೂ ಸಂದರ್ಶನಕ್ಕೆ ಕುಳಿತವರಂತೆ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತನಾಡುತ್ತಿದ್ದರು. ಕನ್ನಡದ ಕಂತು ಆರಂಭವಾಗಿ ಎರಡು ನಿಮಿಷವಾಗುವಷ್ಟರಲ್ಲಿ, "ಹೊಂಡಕ್ಕೆ ಬಿದ್ದು ಸತ್ತೆ ಮಾರಾಯ, ಮೂರು ಜೀವವೂ ಹೋಯ್ತು!" ಎಂದು ಬ್ಯಾಂಕಿನ ಹುಡುಗನೇ ಕೂಗಿದ. ಮೂವರೂ ನಕ್ಕರು. ನನ್ನ ಪಕ್ಕದಲ್ಲಿದ್ದ ಮೊಮ್ಮಗನೂ ನಕ್ಕು, "ಅಜ್ಜ, ಇನ್ನೊಂದು ಸಲ ಹಾಕಿ" ಎಂದ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹುಡುಗ ಕನ್ನಡದ ಮಾತನ್ನು ಎರಡನೆಯ ಸಲ ಕೇಳಬಯಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೂವರ ಪೈಕಿ ಒಬ್ಬನ ಮನೆಮಾತು ಹವ್ಯಕ, ಒಬ್ಬಳದು ತುಳು, ಒಬ್ಬನದು ಮಲಯಾಳ. ಅವರ ನಡುವಿನ ಸಾಮಾನ್ಯ ಭಾಷೆ ಹುಟ್ಟಿದ್ದು ನಮ್ಮ ಶಾಲೆಯ ಅಂಗಳದಲ್ಲಿ. 1956ರಲ್ಲಿ ನಮ್ಮ ನಾಡು ಕೇರಳಕ್ಕೆ ಸೇರಿದ ಬಳಿಕ ಕನ್ನಡಕ್ಕಾಗಿ ನಾವು ಎಷ್ಟೋ ಮನವಿಗಳನ್ನು ಬರೆದೆವು, ಸಭೆಗಳನ್ನು ನಡೆಸಿದೆವು. ಅವು ಬೇಕಾಗಿಯೇ ಇದ್ದವು, ಈಗಲೂ ಬೇಕು. ಆದರೆ ತರಗತಿಯಲ್ಲಿ ಆಡುಮಾತು ಕೇಳಿದೊಡನೆ ತಿದ್ದುತ್ತಿದ್ದ ನಾನು, ಕನ್ನಡವನ್ನು ಪರೀಕ್ಷೆಗೂ ಭಾಷಣಕ್ಕೂ ಮೀಸಲಾದ ಭಾಷೆಯಾಗಿ ಮಾಡಿದೆನೋ ಎಂಬ ಶಂಕೆ ನನ್ನನ್ನು ಕಾಡುತ್ತದೆ. ನಾನು ಕಲಿಸಿದ ಕನ್ನಡದಲ್ಲಿ ‘ಮಾರಾಯ’ನಿಗೆ ಸ್ಥಳವಿರಲಿಲ್ಲ. ಗೆಳೆಯರು ತಮಗೆ ಪ್ರಿಯವಾದುದನ್ನು ಯಾವ ಭಾಷೆಯಲ್ಲಿ ಹರಟುತ್ತಾರೋ ಆ ಭಾಷೆ ಮುಂದಿನ ತಲೆಮಾರಿಗೆ ದಾಟುತ್ತದೆ. ಆದ್ದರಿಂದ ನನ್ನ ತೀರ್ಪು ಕನ್ನಡದ ಕಡೆಗಾಯಿತು. ಬ್ಯಾಂಕಿನ ಹುಡುಗನೂ ಒಪ್ಪಿದ.

ಪಾರಿಭಾಷಿಕ ಶಬ್ದಗಳ ಬಗ್ಗೆಯೂ ಚರ್ಚೆಯಾಯಿತು. ರೂಢಿಯ ಇಂಗ್ಲಿಷ್ ಶಬ್ದಗಳನ್ನು ಹಾಗೆಯೇ ಬಳಸಲು ಹೇಳಿದೆ. ಆಟದ ಹಂತದ ಕೊನೆಗೆ ಆರ್ಭಟಿಸುತ್ತಾ ಬರುವ ಮಹಾವೈರಿಗೆ ‘ಬಾಸ್’ ಎನ್ನುತ್ತಾರಂತೆ. ಅದಕ್ಕೆ ಕನ್ನಡದಲ್ಲಿ ಏನೆನ್ನುವುದೆಂದು ಕೇಳಿದರು. "ಬಣ್ಣದ ವೇಷ ಎನ್ನಿ" ಎಂದೆ. ಯಕ್ಷಗಾನದ ರಾಕ್ಷಸವೇಷದ ಪ್ರವೇಶವನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಅದನ್ನು ಅವರು ಬಹಳ ಮೆಚ್ಚಿಕೊಂಡರು.

ಕೆಲವು ಎಚ್ಚರಿಕೆಗಳು

ಅಧ್ಯಾಪಕನ ಬುದ್ಧಿ ಬಿಡಲಾಗದೆ ನಾಲ್ಕು ಮಾತು ಹೇಳಿದ್ದೇನೆ. ಮೊದಲನೆಯದಾಗಿ, ಎಷ್ಟೋ ಪಾಡ್‌ಕಾಸ್ಟ್‌ಗಳು ಕೆಲವೇ ಕಂತುಗಳಲ್ಲಿ ನಿಂತುಹೋಗುತ್ತವೆ. ವಾರಕ್ಕೊಂದೆಂದು ಹೇಳಿ ತಪ್ಪುವುದಕ್ಕಿಂತ ತಿಂಗಳಿಗೊಂದನ್ನು ತಪ್ಪದೆ ಕೊಡುವುದು ಲೇಸು. ಎರಡನೆಯದಾಗಿ, ಚಲನಚಿತ್ರ ಗೀತೆಗಳನ್ನು ಹಕ್ಕುದಾರರ ಅನುಮತಿಯಿಲ್ಲದೆ ಸೇರಿಸಬಾರದು. ಮೂರನೆಯದಾಗಿ, ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ನಿಷೇಧಿಸಿದೆ. ಅವುಗಳ ಜಾಹೀರಾತೂ ಸಲ್ಲದು. ನಾಲ್ಕನೆಯದಾಗಿ, ಆಟದ ಮೇಲೆ ಹಿಡಿತ ತಪ್ಪಿ, ಊಟ, ನಿದ್ದೆ, ಓದು ಕೆಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ. ಆಟವನ್ನು ಹೊಗಳುವವರು ಈ ಮಾತನ್ನೂ ಹೇಳಬೇಕು.

ಇವರ ಪಾಡ್‌ಕಾಸ್ಟಿಗೆ ಹೆಸರು ಇನ್ನೂ ನಿಶ್ಚಯವಾಗಿಲ್ಲ. ಸುವರ್ಣ ಮಹೋತ್ಸವದ ದಿನ ಮೂವರೂ ಒಟ್ಟಾಗಿ, ತಾವು ಕಲಿತ ಏಳನೆಯ ತರಗತಿಯ ಕೋಣೆಯಲ್ಲೇ ಕುಳಿತು ಮೊದಲ ಕಂತನ್ನು ಮುದ್ರಿಸುವುದೆಂದು ತೀರ್ಮಾನವಾಗಿದೆ. ಹಳೆ ವಿದ್ಯಾರ್ಥಿಗಳೂ ಊರಿನ ಕನ್ನಡಾಭಿಮಾನಿಗಳೂ ಅದನ್ನು ಕೇಳಿ ಪ್ರೋತ್ಸಾಹಿಸಬೇಕೆಂದು ಸವಿನಯವಾಗಿ ವಿನಂತಿಸುತ್ತೇನೆ.

ಅಂದು ನನಗೂ ಒಂದು ಕೆಲಸವಿದೆ. ಆ ಬ್ರಿಕ್ ಗೇಮ್ ಇನ್ನೂ ನನ್ನ ಬಳಿಯೇ ಇದೆ. ಮೊನ್ನೆ ಹೊಸ ಬ್ಯಾಟರಿ ಹಾಕಿ ನೋಡಿದೆ. ಕೀಚೆಂದು ಸದ್ದು ಮಾಡಿ ಚೌಕಗಳು ಬೀಳತೊಡಗಿದವು. ಅಬುಧಾಬಿಯಿಂದ ಬರುವ ನನ್ನ ಶಿಷ್ಯನ ಕೈಗೆ ಅದನ್ನು ಒಪ್ಪಿಸಿ ಕ್ಷಮೆ ಕೇಳುವವನಿದ್ದೇನೆ. ಅದನ್ನೂ ಮುದ್ರಿಸಿಕೊಳ್ಳುವುದಾದರೆ ನನ್ನ ಅಭ್ಯಂತರವಿಲ್ಲ.